ಮನೆಯ ಚಿಲ್ಲರೆ ಸಾಮಾನು: ಡ್ರಾಯರ್‌ನಲ್ಲಿ ಬಿದ್ದಿರುವುದರಲ್ಲಿ ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದು ಎಲ್ಲಿಗೆ ಹೋಗಬೇಕು

ಬೆಂಗಳೂರಿನ ಹೆಚ್ಚುಕಡಿಮೆ ಎಲ್ಲ ಮನೆಗಳಲ್ಲೂ ಟಿ.ವಿ. ಸ್ಟ್ಯಾಂಡಿನ ಕೆಳಗೋ ಅಡುಗೆಮನೆಯ ಮೂಲೆಯಲ್ಲೋ ಅಂಥದ್ದೊಂದು ಡ್ರಾಯರ್ ಇರುತ್ತದೆ. ಮುಗಿದ ಸೆಲ್ಲು, ಯಾವುದರದ್ದೋ ಚಾರ್ಜರ್, ಬೀಗ ಕಳೆದುಹೋದ ಕೀಲಿಕೈ, ಅರ್ಧ ಸ್ಟ್ರಿಪ್ ಮಾತ್ರೆ, ಹಳೇ ಥರ್ಮಾಮೀಟರು, ಅಂಗಡಿಯಿಂದ ಹೆಚ್ಚಾಗಿ ತಂದಿದ್ದ ನಾಲ್ಕು ಸ್ಕ್ರೂ. ಮುಚ್ಚಲಾಗದಷ್ಟು ತುಂಬಿದಾಗ ಒಂದಿಷ್ಟು ಬಾಚಿ ಒಣ ಕಸದ ಚೀಲಕ್ಕೆ ಹಾಕುವುದು ರೂಢಿ.

ಈ ರೂಢಿಯನ್ನು ಈಗ ಬಿಡಬೇಕಾಗಿದೆ. ಕೇಂದ್ರದ ಘನತ್ಯಾಜ್ಯ ನಿರ್ವಹಣಾ ನಿಯಮಗಳು 2026ರ ಪ್ರಕಾರ ಮನೆಯ ಕಸವನ್ನು ನಾಲ್ಕು ಭಾಗ ಮಾಡಬೇಕು: ಹಸಿ, ಒಣ, ಸ್ಯಾನಿಟರಿ (ಡೈಪರ್, ಪ್ಯಾಡ್‌ನಂಥವು) ಮತ್ತು ವಿಶೇಷ ಕಾಳಜಿಯ ತ್ಯಾಜ್ಯ. ನಿಯಮ ಜಾರಿಗೆ ಬರುವ ದಿನಾಂಕ 2026ರ ಏಪ್ರಿಲ್ 1. ಮೊದಲ ಮೂರನ್ನು ಬೆಂಗಳೂರು ಬಲ್ಲದು. 2015ರಲ್ಲಿ ಹೈಕೋರ್ಟ್ ಆದೇಶ ಬಂದಾಗಿನಿಂದ ಹಸಿಗೆ ಹಸಿರು ಡಬ್ಬಿ, ಸ್ಯಾನಿಟರಿಗೆ ಕೆಂಪು ಡಬ್ಬಿ, ಒಣದ್ದಕ್ಕೆ ಒಂದು ಚೀಲ ಎಂಬ ಲೆಕ್ಕ ಇಲ್ಲಿದೆ. ನಾಲ್ಕನೆಯದೇ ತಲೆನೋವು. ಬಲ್ಬು, ಪಾದರಸದ ಥರ್ಮಾಮೀಟರ್, ಔಷಧ, ಪೇಂಟ್ ಡಬ್ಬಿ, ಇವೆಲ್ಲ ಆ ಗುಂಪಿನವು. ಸೆಲ್ಲು, ಬ್ಯಾಟರಿಗಳಿಗೆ 2022ರ ಬ್ಯಾಟರಿ ತ್ಯಾಜ್ಯ ನಿಯಮಗಳು ಬೇರೆ ಇವೆ, ಚಾರ್ಜರ್-ಕೇಬಲ್‌ಗಳಿಗೆ 2023ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳು ಬೇರೆ. ಅಂದರೆ ಆ ಒಂದೇ ಡ್ರಾಯರ್‌ನಲ್ಲಿ ಮೂರು ಕಾನೂನುಗಳಿಗೆ ಸೇರಿದ ಸಾಮಾನು ಒಟ್ಟಿಗೆ ಬಿದ್ದಿರುತ್ತದೆ.

ಡ್ರಾಯರ್ ಖಾಲಿ ಮಾಡಲು ಕೂತವರು ಮೊದಲು ಕೇಳಿಕೊಳ್ಳುವುದು ‘ಇದು ಬೇಕಾ, ಬೇಡ್ವಾ’ ಎಂದು. ಆ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ, ಎಲ್ಲವೂ ವಾಪಸ್ ಒಳಗೆ ಹೋಗುತ್ತದೆ. ‘ಇದರೊಳಗೆ ಏನಿದೆ’ ಎಂದು ಕೇಳಿದರೆ ಕೆಲಸ ಸಲೀಸು.

ಮೊದಲು ತೆಗೆಯಬೇಕಾದದ್ದು ಬಟನ್ ಸೆಲ್

ಗಾತ್ರದಲ್ಲಿ ಚಿಕ್ಕದು, ಅಪಾಯದಲ್ಲಿ ಎಲ್ಲಕ್ಕಿಂತ ದೊಡ್ಡದು. ಅಡುಗೆಮನೆಯ ಡಿಜಿಟಲ್ ತಕ್ಕಡಿ, ಕಾರಿನ ರಿಮೋಟ್ ಕೀ, ದೇವರ ಮನೆಯ ಮಿಣುಕು ದೀಪ, ಇವುಗಳಲ್ಲಿ ಹೆಚ್ಚಾಗಿ ಇರುವುದು ಸಿಆರ್2032. ಅದರ ಹೆಸರಲ್ಲೇ ಅಳತೆ ಇದೆ: 20 ಎಂದರೆ 20 ಮಿಲಿಮೀಟರ್ ಅಗಲ, 32 ಎಂದರೆ 3.2 ಮಿಲಿಮೀಟರ್ ದಪ್ಪ. ಮಗು ಇದನ್ನು ನುಂಗಿದರೆ ಅನ್ನನಾಳದಲ್ಲಿ ಸಿಕ್ಕಿಕೊಳ್ಳುವ ಗಾತ್ರ ಸರಿಯಾಗಿ ಇದೇ.

ಸಿಕ್ಕಿಕೊಂಡ ಸೆಲ್ ಉಸಿರು ಕಟ್ಟಿಸುತ್ತದೆ ಎಂದಷ್ಟೇ ಜನ ತಿಳಿದಿರುತ್ತಾರೆ. ನಿಜವಾದ ಅಪಾಯ ವಿದ್ಯುತ್ತಿನದು. ಒದ್ದೆ ಅಂಗಾಂಶ ಸೆಲ್ಲಿನ ಎರಡೂ ಧ್ರುವಗಳನ್ನು ಮುಟ್ಟಿದ ಕೂಡಲೇ ಕರೆಂಟ್ ಹರಿಯುತ್ತದೆ, ಋಣ ಧ್ರುವದ ಬದಿಯಲ್ಲಿ ತೀವ್ರ ಕ್ಷಾರ ಹುಟ್ಟುತ್ತದೆ, ಆ ಕ್ಷಾರ ಎರಡು ಗಂಟೆಯೊಳಗೆ ಅನ್ನನಾಳವನ್ನು ಸುಡಬಲ್ಲದು. ‘ಸೆಲ್ ಡೆಡ್ ಆಗಿದೆ, ಏನೂ ಆಗಲ್ಲ’ ಎನ್ನುವುದು ಸುಳ್ಳು. 3 ವೋಲ್ಟಿನ ಸೆಲ್ 2 ವೋಲ್ಟಿನ ಆಸುಪಾಸಿಗೆ ಇಳಿದಾಗ ತಕ್ಕಡಿ ಓಡುವುದಿಲ್ಲ, ಆದರೆ ಸುಡುವುದಕ್ಕೆ ಅಷ್ಟು ಧಾರಾಳ ಸಾಕು.

ಮಗು ನುಂಗಿದೆ ಎಂಬ ಅನುಮಾನ ಬಂದರೂ ಸಾಕು, ವಾಂತಿ ಮಾಡಿಸಬಾರದು, ಊಟ ಕೊಡಬಾರದು, ತಕ್ಷಣ ಎಕ್ಸ್‌ರೇ ಮತ್ತು ಎಂಡೋಸ್ಕೋಪಿ ಇರುವ ಆಸ್ಪತ್ರೆಗೆ ಹೊರಡಬೇಕು, ಆಂಬುಲೆನ್ಸಿಗೆ 108. ನುಂಗಿ 12 ಗಂಟೆ ದಾಟಿಲ್ಲ, ಮಗುವಿಗೆ ಒಂದು ವರ್ಷ ತುಂಬಿದೆ, ನುಂಗಲು ಆಗುತ್ತಿದೆ ಎಂದಾದರೆ ದಾರಿಯಲ್ಲಿ ಹತ್ತು ನಿಮಿಷಕ್ಕೊಮ್ಮೆ ಎರಡು ಟೀ ಚಮಚ ಜೇನುತುಪ್ಪ ಕೊಡಬಹುದು, ಒಟ್ಟು ಆರು ಸಲ. ಜೇನು ಸೆಲ್ಲಿನ ಸುತ್ತ ಲೇಪದಂತೆ ನಿಂತು ಕ್ಷಾರವನ್ನು ಸ್ವಲ್ಪ ತಗ್ಗಿಸುತ್ತದೆ. ಜೇನು ಹುಡುಕುತ್ತಾ ಹೊರಡುವುದನ್ನು ತಡ ಮಾಡಬೇಡಿ. ವರ್ಷ ತುಂಬದ ಕೂಸಿಗೆ ಜೇನು ಬೇಡವೇ ಬೇಡ.

ತೆಗೆದ ಬಟನ್ ಸೆಲ್ಲಿನ ಎರಡೂ ಬದಿಗೆ ಸೆಲ್ಲೋ ಟೇಪ್ ಅಂಟಿಸಿ, ಮಕ್ಕಳ ಕೈಗೆ ಎಟುಕದಲ್ಲಿ ಮುಚ್ಚಳದ ಬಾಟಲಿಯೊಳಗೆ ಹಾಕಿಡಿ. ಹೊಸ ಸೆಲ್ ಪ್ಯಾಕ್‌ ಒಡೆಯದೆ ಅದರಲ್ಲೇ ಇರಲಿ.

ಪೆನ್ ಟಾರ್ಚು, ಗೋಡೆ ಗಡಿಯಾರ, ರಿಮೋಟಿನ ಸೆಲ್ಲು

ಎಎ, ಎಎಎ ಸೆಲ್ಲುಗಳಲ್ಲಿ ಎರಡು ಜಾತಿ. ಅಂಗಡಿಯಲ್ಲಿ ಕಡಿಮೆ ಬೆಲೆಗೆ ಸಿಗುವುದು ಝಿಂಕ್-ಕಾರ್ಬನ್. ಜಾಸ್ತಿ ಬೆಲೆಯದು ಆಲ್ಕಲೈನ್; ಕೈಯಲ್ಲಿ ಹಿಡಿದರೇ ಭಾರ ಗೊತ್ತಾಗುತ್ತದೆ, ಎಎ ಗಾತ್ರದ್ದು ಸುಮಾರು 23 ಗ್ರಾಂ ತೂಗುತ್ತದೆ. ಸೋರುವುದು ಎರಡೂ, ಕಾರಣ ಬೇರೆ ಬೇರೆ. ಝಿಂಕ್-ಕಾರ್ಬನ್ ಸೆಲ್ಲಿನಲ್ಲಿ ಒಳಗಿನ ಸತುವಿನ ಡಬ್ಬಿಯೇ ಒಂದು ಧ್ರುವ. ಕರೆಂಟ್ ಕೊಡುತ್ತಾ ಕೊಡುತ್ತಾ ಅದೇ ತೆಳುವಾಗಿ ಕೊನೆಗೆ ತೂತು ಬೀಳುತ್ತದೆ. ನಿಂತುಹೋದ ಗಡಿಯಾರದಲ್ಲಿ ಸೆಲ್ ಬಿಡಬಾರದು ಎನ್ನುವುದು ಇದಕ್ಕೇ. ಆಲ್ಕಲೈನ್‌ನಲ್ಲಿ ಒಳಗೆ ಹೈಡ್ರೋಜನ್ ಅನಿಲ ಹುಟ್ಟಿ, ಒತ್ತಡಕ್ಕೆ ಸೀಲ್ ಬಿಟ್ಟುಕೊಂಡು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹೊರಬರುತ್ತದೆ. ಗಾಳಿ ತಾಗಿ ಅದು ಬಿಳಿ ಹುಡಿಯಾಗುತ್ತದೆ.

ಒಂದು ಹೊಸದು, ಒಂದು ಹಳೆಯದು ಸೇರಿಸಿ ರಿಮೋಟಿಗೆ ಹಾಕುವುದು ಸೋರಿಕೆಗೆ ದೊಡ್ಡ ಕಾರಣ. ಹಳೆಯದು ಪೂರ್ತಿ ಬರಿದಾದ ಮೇಲೂ ಹೊಸದು ಅದರ ಮೂಲಕ ಕರೆಂಟ್ ತಳ್ಳುತ್ತಲೇ ಇರುತ್ತದೆ. ಬರಿದಾದ ಸೆಲ್ ಹಿಮ್ಮುಖವಾಗಿ ಚಾರ್ಜ್ ಆಗಿ ಅನಿಲ ಬಿಟ್ಟು ಒಡೆಯುತ್ತದೆ. ಜೋಡಿ ಯಾವತ್ತೂ ಒಟ್ಟಿಗೆ ಬದಲಾಗಬೇಕು.

ಬಿಳಿ ಹುಡಿ ಕಟ್ಟಿದ ರಿಮೋಟನ್ನು ಎಸೆಯಬೇಕಿಲ್ಲ. ಗ್ಲೌಸ್ ಹಾಕಿ, ಸೆಲ್ ತೆಗೆದು, ಕಿವಿ ಬಡ್‌ಗೆ ವಿನೆಗರ್ ಅಥವಾ ನಿಂಬೆರಸ ಸ್ವಲ್ಪವೇ ಹಚ್ಚಿ ಸ್ಪ್ರಿಂಗ್ ಉಜ್ಜಿ. ಬುಸುಗುಟ್ಟುವುದು ನಿಂತರೆ ಕ್ಷಾರ ಮುಗಿಯಿತೆಂದು ಅರ್ಥ. ನೀರಿನ ಪಸೆಯ ಬಡ್‌ನಿಂದ ಒಮ್ಮೆ ಒರೆಸಿ, ಪೂರ್ತಿ ಒಣಗಲು ಬಿಟ್ಟು, ಆಮೇಲೆ ಸೆಲ್ ಹಾಕಿ. ಸ್ಪ್ರಿಂಗಿನ ಮೇಲಿನ ಲೇಪ ಹೋಗಿದ್ದರೆ ಮರಳು ಕಾಗದದಿಂದ ಎರಡು ಸಲ ತೀಡಿದರೆ ಸಾಕಾಗುತ್ತದೆ.

ಆಲ್ಕಲೈನ್ ಸೆಲ್ಲನ್ನು ನೆಟ್ಟಗೆ ಹಿಡಿದು ಟೇಬಲ್ಲಿನ ಮೇಲೆ ಬೀಳಿಸಿದರೆ ಮುಗಿದದ್ದು ಪುಟಿಯುತ್ತದೆ, ಹೊಸದು ದೊಪ್ಪೆಂದು ನಿಲ್ಲುತ್ತದೆ ಎಂಬ ಮಾತಿದೆ. ಅರ್ಧ ನಿಜ. ಅರ್ಧದಷ್ಟು ಬಳಸಿದ ಸೆಲ್ಲೂ ಅಷ್ಟೇ ಪುಟಿಯುತ್ತದೆ. ಮಲ್ಟಿಮೀಟರ್ ಇದ್ದರೆ ಅಳೆದುಬಿಡಿ: 1.5 ವೋಲ್ಟ್ ದಾಟಿದರೆ ಹೊಸದು, 1.2ರ ಆಸುಪಾಸಿನದು ಆಟಿಕೆಗೆ ಆಗದಿದ್ದರೂ ಗೋಡೆ ಗಡಿಯಾರಕ್ಕೆ ಇನ್ನಷ್ಟು ದಿನ ಬರುತ್ತದೆ, 1ಕ್ಕಿಂತ ಕೆಳಗಿನದು ಮುಗಿದದ್ದು.

ಚೌಕಾಕಾರದ 9 ವೋಲ್ಟಿನ ಬ್ಯಾಟರಿಗೆ ಪ್ರತ್ಯೇಕ ಎಚ್ಚರ ಬೇಕು. ಅದರ ಎರಡೂ ಧ್ರುವ ಒಂದೇ ತುದಿಯಲ್ಲಿ, ಪಕ್ಕಪಕ್ಕದಲ್ಲೇ ಇವೆ. ಕೀಲಿಕೈ, ನಾಣ್ಯ, ಪಾತ್ರೆ ಉಜ್ಜುವ ಸ್ಟೀಲ್ ಉಲ್ಲನ್ ಎರಡನ್ನೂ ಒಮ್ಮೆಗೇ ಮುಟ್ಟಿದರೆ ಶಾರ್ಟ್ ಆಗಿ ಕಾದು, ಪಕ್ಕದಲ್ಲಿ ಕಾಗದವಿದ್ದರೆ ಹೊತ್ತಿಕೊಳ್ಳಬಹುದು. ಚಿಲ್ಲರೆ ಡ್ರಾಯರ್‌ನಲ್ಲಿ ಇವಿಷ್ಟೂ ಇರುತ್ತವೆ. ಧ್ರುವಗಳ ಮೇಲೆ ಇನ್ಸುಲೇಷನ್ ಟೇಪ್ ಸುತ್ತದೆ ಈ ಬ್ಯಾಟರಿಯನ್ನು ಎಲ್ಲೂ ಇಡಬೇಡಿ.

ಊದಿದ ಮೊಬೈಲ್ ಬ್ಯಾಟರಿ, ಪವರ್ ಬ್ಯಾಂಕ್

ಲಿಥಿಯಂ-ಅಯಾನ್ ಬ್ಯಾಟರಿ ಊದಿಕೊಂಡಿದೆ ಎಂದರೆ ಒಳಗಿನ ದ್ರವ ಕೆಟ್ಟು ಅನಿಲವಾಗಿದೆ ಎಂದರ್ಥ. ಅದನ್ನು ಚುಚ್ಚಬಾರದು, ಒತ್ತಬಾರದು, ‘ಒಂದು ಸಲ ನೋಡೋಣ’ ಎಂದು ಚಾರ್ಜಿಗೂ ಹಾಕಬಾರದು. ಒಳಗೆ ಧನ ಮತ್ತು ಋಣ ಪದರಗಳ ನಡುವೆ ಕೂದಲಿಗಿಂತ ತೆಳುವಾದ ಪ್ಲಾಸ್ಟಿಕ್ ಹಾಳೆ ಇರುತ್ತದೆ. ಅದು ಹರಿದರೆ ಎರಡೂ ಕೂಡಿ, ಶಾಖ ತನ್ನಷ್ಟಕ್ಕೆ ಏರುತ್ತಾ ಬೆಂಕಿಯಾಗುತ್ತದೆ. ಕಸದ ಆಟೋದಿಂದ ಕಾಂಪ್ಯಾಕ್ಟರ್ ಲಾರಿಗೆ ಹೋದ ಬ್ಯಾಟರಿಗೆ ಆಗುವುದೂ ಇದೇ: ಲಾರಿ ಅದನ್ನು ಕಾಗದ, ಪ್ಲಾಸ್ಟಿಕ್ಕಿನ ಮಧ್ಯೆ ಇಟ್ಟು ಹಿಸುಕುತ್ತದೆ. ಆ ಲಾರಿಯ ಪಕ್ಕ ನಿಂತು ಕೆಲಸ ಮಾಡುವವರು ಪೌರಕಾರ್ಮಿಕರು. ಈ ಒಂದು ಕಾರಣಕ್ಕಾದರೂ ಬ್ಯಾಟರಿಯನ್ನು ಒಣ ಕಸಕ್ಕೆ ಹಾಕುವುದನ್ನು ನಿಲ್ಲಿಸಬೇಕು.

ಕೊಟ್ಟು ಕಳುಹಿಸುವವರೆಗೆ ಧ್ರುವಗಳಿಗೆ ಟೇಪ್ ಹಚ್ಚಿ, ಒಣ ಮರಳು ತುಂಬಿದ ತಗಡಿನ ಡಬ್ಬಿಯಲ್ಲಿ, ಬಾಲ್ಕನಿಯ ನೆರಳಿನಲ್ಲಿ ಇಡಿ. ಮುಚ್ಚಳ ಬಿಗಿಯಾಗಿ ಹಾಕಬೇಡಿ, ಅನಿಲಕ್ಕೆ ದಾರಿ ಇರಲಿ. ಹೊಗೆ ಬಂದರೆ ಹತ್ತಿರ ಹೋಗದೆ ಮನೆಯವರನ್ನು ಹೊರಗೆ ಕರೆದುಕೊಂಡು ಬಂದು 112ಕ್ಕೆ ಫೋನ್ ಮಾಡಿ.

ಯಾವ ಚಾರ್ಜರ್ ಯಾವುದಕ್ಕೆ

ಡ್ರಾಯರ್‌ನ ಅರ್ಧ ಜಾಗ ತಿನ್ನುವುದು ಅಡಾಪ್ಟರ್‌ಗಳು. ಗುರುತಿಸಲು ಗೊತ್ತಾಗದೆ ಇವನ್ನು ಇಟ್ಟುಕೊಂಡಿರುತ್ತೇವೆ, ಗುರುತಿಸುವುದು ಸುಲಭ. ಬೆನ್ನ ಮೇಲಿನ ಸಣ್ಣ ಅಕ್ಷರಗಳಲ್ಲಿ ‘ಔಟ್‌ಪುಟ್’ ಎಂದಿರುವ ಸಾಲು ಮಾತ್ರ ಓದಿ. ಅಲ್ಲಿ 12 ವೋಲ್ಟ್, 1 ಆಂಪಿಯರ್ ಎಂದೋ 5 ವೋಲ್ಟ್, 2 ಆಂಪಿಯರ್ ಎಂದೋ ಇರುತ್ತದೆ.

ವೋಲ್ಟ್ ಎಂದರೆ ಓವರ್‌ಹೆಡ್ ಟ್ಯಾಂಕ್ ಎಷ್ಟು ಎತ್ತರದಲ್ಲಿದೆ ಎಂಬ ಲೆಕ್ಕ. ಎತ್ತರ ಹೆಚ್ಚಿದಷ್ಟೂ ನಲ್ಲಿಯಲ್ಲಿ ನೀರಿನ ರಭಸ ಹೆಚ್ಚು. ಆಂಪಿಯರ್ ಎಂದರೆ ಪೈಪು ಎಷ್ಟು ದಪ್ಪ, ಹೆಚ್ಚೆಂದರೆ ಎಷ್ಟು ನೀರು ಕೊಡಬಲ್ಲದು ಎಂಬ ಲೆಕ್ಕ. ರಭಸ ಜಾಸ್ತಿಯಾದರೆ ಉಪಕರಣ ಹಾಳಾಗುತ್ತದೆ. ಪೈಪು ದಪ್ಪಗಿದ್ದರೆ ಏನೂ ತೊಂದರೆಯಿಲ್ಲ, ಉಪಕರಣ ತನಗೆ ಬೇಕಾದಷ್ಟನ್ನೇ ಎಳೆದುಕೊಳ್ಳುತ್ತದೆ. ಹೀಗಾಗಿ ನಿಯಮ ಇಷ್ಟು: ವೋಲ್ಟ್ ಸರಿಸಮ ಇರಬೇಕು, ಆಂಪಿಯರ್ ಸಮ ಅಥವಾ ಹೆಚ್ಚು ಇರಬೇಕು. 9 ವೋಲ್ಟಿನ ರೌಟರ್‌ಗೆ 12 ವೋಲ್ಟಿನ ಅಡಾಪ್ಟರ್ ಹಾಕಿದರೆ ರೌಟರ್ ಸುಟ್ಟುಹೋಗಬಹುದು. 12 ವೋಲ್ಟ್ 1 ಆಂಪಿಯರ್ ಬೇಕಿದ್ದಕ್ಕೆ 12 ವೋಲ್ಟ್ 2 ಆಂಪಿಯರಿನದು ಧಾರಾಳವಾಗಿ ನಡೆಯುತ್ತದೆ. ತಿರುಗಾಮುರುಗಾ ಮಾಡಿದರೆ ಅಡಾಪ್ಟರ್ ಬಿಸಿಯಾಗುತ್ತದೆ, ರೌಟರ್ ಆಗಾಗ ತಾನೇ ಆಫ್ ಆಗಿ ಆನ್ ಆಗುತ್ತದೆ. ‘ನೆಟ್ ಸರಿಯಿಲ್ಲ’ ಎಂದು ಕಂಪನಿಗೆ ಫೋನ್ ಮಾಡುವ ಎಷ್ಟೋ ದೂರುಗಳ ಮೂಲ ಈ ತಪ್ಪು ಅಡಾಪ್ಟರ್.

ಇನ್ನೆರಡು ನೋಡಬೇಕು. ಪಿನ್ನಿನ ಗಾತ್ರ: ರೌಟರ್, ಸೆಟ್ ಟಾಪ್ ಬಾಕ್ಸ್‌ಗಳ ದುಂಡು ಪಿನ್ ಹೊರಗೆ 5.5 ಮಿಲಿಮೀಟರ್ ಇದ್ದರೂ ಒಳತೂತು 2.1 ಅಥವಾ 2.5 ಇರಬಹುದು, ಹೊರನೋಟಕ್ಕೆ ಒಂದೇ, ಕೂತಾಗ ಸಡಿಲ. ಎರಡನೆಯದು ಧನ-ಋಣದ ಚಿತ್ರ: ಮಧ್ಯದ ಚುಕ್ಕೆಗೆ ಪ್ಲಸ್ ಇದೆಯೋ ಮೈನಸ್ ಇದೆಯೋ ನೋಡಿ, ಉಪಕರಣದ ಮೇಲಿನ ಚಿತ್ರಕ್ಕೆ ಹೊಂದಿಸಿ. ಇಟ್ಟಿಗೆಯಷ್ಟು ಭಾರದ ಹಳೇ ಅಡಾಪ್ಟರ್‌ಗಳನ್ನು ಬೇರೆ ಯಾವುದಕ್ಕೂ ಬಳಸದಿರುವುದು ಒಳ್ಳೆಯದು. ಒಳಗೆ ಬರೀ ಟ್ರಾನ್ಸ್‌ಫಾರ್ಮರ್ ಇರುವ ಇಂಥವು 9 ವೋಲ್ಟ್ ಎಂದು ಬರೆದಿದ್ದರೂ ಲೋಡ್ ಇಲ್ಲದಾಗ ಅದಕ್ಕಿಂತ ಬಹಳ ಹೆಚ್ಚು ಕೊಡುತ್ತವೆ.

ಕೇಬಲ್‌ಗಳಲ್ಲಿ ಚಾರ್ಜ್ ಆಗಿ ಡೇಟಾ ಹೋಗದವು ಇರುತ್ತವೆ, ಒಳಗೆ ಆ ತಂತಿಗಳೇ ಇರುವುದಿಲ್ಲ. ಫೋನ್‌ ಅನ್ನು ಕಂಪ್ಯೂಟರಿಗೆ ಹಾಕಿ ನೋಡಿದರೆ ಗೊತ್ತಾಗುತ್ತದೆ. ಸಾಮಾನ್ಯ ಟೈಪ್-ಸಿ ಕೇಬಲ್ 3 ಆಂಪಿಯರ್, ಹೆಚ್ಚೆಂದರೆ 60 ವಾಟ್ ಹೊರುತ್ತದೆ. ದೊಡ್ಡ ಲ್ಯಾಪ್‌ಟಾಪ್ ಅದರಲ್ಲಿ ನಿಧಾನ ಚಾರ್ಜ್ ಆದರೆ ದೋಷ ಲ್ಯಾಪ್‌ಟಾಪಿನದಲ್ಲ.

ಉಳಿಸಿಕೊಂಡ ಪ್ರತಿಯೊಂದಕ್ಕೂ ಬಿಳಿ ಟೇಪ್ ಸುತ್ತಿ ‘ಹಾಲ್ ರೌಟರ್, 12ವಿ’ ಎಂದು ಮಾರ್ಕರ್‌ನಲ್ಲಿ ಬರೆಯಿರಿ. ಯಾವ ಉಪಕರಣದ್ದೆಂದು ಹೆಸರಿಸಲಾಗದ ಅಡಾಪ್ಟರ್ ಇ-ತ್ಯಾಜ್ಯಕ್ಕೆ. ಒಂದಕ್ಕೆ ಮಾತ್ರ ವಿನಾಯಿತಿ ಕೊಡಬಹುದು: 12 ವೋಲ್ಟ್ 2 ಆಂಪಿಯರಿನದು. ರೌಟರ್, ಸಿಸಿಟಿವಿ ಕ್ಯಾಮೆರಾ, ಎಲ್‌ಇಡಿ ಸ್ಟ್ರಿಪ್, ಎಲ್ಲೋ ಒಂದು ಕಡೆ ಅದು ಕೆಲಸಕ್ಕೆ ಬಂದೇ ಬರುತ್ತದೆ.

ಪಾದರಸ ಇರುವುವು

ಗಾಜಿನ ಥರ್ಮಾಮೀಟರಿನೊಳಗೆ ಬೆಳ್ಳಿಯ ಬಣ್ಣದ ಗೆರೆ ಇದ್ದರೆ ಬಹುಪಾಲು ಪಾದರಸ, ಕೆಂಪೋ ನೀಲಿಯೋ ಇದ್ದರೆ ಆಲ್ಕೋಹಾಲ್. ಒಂದು ಥರ್ಮಾಮೀಟರಿನಲ್ಲಿ ಅರ್ಧದಿಂದ ಒಂದು ಗ್ರಾಂ ಪಾದರಸ ಇರುತ್ತದೆ. ಸಿಎಫ್‌ಎಲ್ ಬಲ್ಬಿನಲ್ಲಿ ಕೆಲವೇ ಮಿಲಿಗ್ರಾಂ. ಅಪಾಯ ಮುಟ್ಟುವುದರಿಂದ ಅಷ್ಟಲ್ಲ, ಕೋಣೆಯ ಬಿಸಿಗೆ ಆವಿಯಾಗಿ ಉಸಿರಿಗೆ ಸೇರುವುದರಿಂದ.

ಥರ್ಮಾಮೀಟರ್ ಒಡೆದರೆ ಮಕ್ಕಳನ್ನು ಹೊರಗೆ ಕಳಿಸಿ, ಕಿಟಕಿ ತೆರೆದು, ಕೋಣೆಯ ಬಾಗಿಲು ಹಾಕಿ. ಕೈಯ ಉಂಗುರ, ಬಳೆ ತೆಗೆದಿಡಿ: ಪಾದರಸ ಚಿನ್ನದೊಂದಿಗೆ ಬೆರೆತು ಅದನ್ನು ಬೆಳ್ಳಗಾಗಿಸುತ್ತದೆ, ಒರೆಸಿದರೆ ಹೋಗುವುದಿಲ್ಲ. ಪೊರಕೆ ಹಾಕಬೇಡಿ, ಗುಂಡುಗಳು ಒಡೆದು ಇನ್ನಷ್ಟು ಚಿಕ್ಕವಾಗಿ ಹರಡುತ್ತವೆ. ವ್ಯಾಕ್ಯೂಮ್ ಕ್ಲೀನರ್ ಅಂತೂ ಬೇಡವೇ ಬೇಡ, ಅದು ಬಿಸಿಗಾಳಿಯೊಂದಿಗೆ ಆವಿಯನ್ನು ಮನೆಯಿಡೀ ಊದುತ್ತದೆ. ಲಗ್ನಪತ್ರಿಕೆಯಂಥ ಗಟ್ಟಿ ಕಾಗದ ಎರಡು ತೆಗೆದುಕೊಂಡು ಗುಂಡುಗಳನ್ನು ಒಟ್ಟುಗೂಡಿಸಿ, ಡ್ರಾಪರ್‌ನಿಂದ ಹೀರಿ, ತಳದಲ್ಲಿ ಸ್ವಲ್ಪ ನೀರಿರುವ ಗಾಜಿನ ಬಾಟಲಿಗೆ ಹಾಕಿ ಮುಚ್ಚಿ. ಉಳಿದ ಪುಡಿಗಳನ್ನು ಟೇಪ್ ಒತ್ತಿ ಎತ್ತಿಕೊಳ್ಳಿ. ಸಿಂಕಿಗೆ ಸುರಿಯಬೇಡಿ, ಅದು ಪೈಪಿನ ಬೆಂಡಿನಲ್ಲೇ ಕೂತಿರುತ್ತದೆ. ಸಿಎಫ್‌ಎಲ್ ಒಡೆದರೂ ಇದೇ ಕ್ರಮ, ಹತ್ತು ನಿಮಿಷ ಕಿಟಕಿ ತೆರೆದಿಟ್ಟು ಆಮೇಲೆ ಒಳಗೆ ಹೋಗಿ.

ಎಲ್‌ಇಡಿ ಬಲ್ಬಿನಲ್ಲಿ ಪಾದರಸ ಇಲ್ಲ. ಅದು ಇ-ತ್ಯಾಜ್ಯ. ಒಳಗಿನ ಚಿಕ್ಕ ದೀಪಗಳನ್ನು ಸಾಲಾಗಿ ಜೋಡಿಸಿರುವುದರಿಂದ ಒಂದು ಸತ್ತರೂ ಇಡೀ ಬಲ್ಬು ಆರುತ್ತದೆ. ಬಡಾವಣೆಯ ಎಲೆಕ್ಟ್ರಿಕಲ್ ಅಂಗಡಿಗಳಲ್ಲಿ ಕೆಲವರು ಅದನ್ನು ಸರಿಮಾಡಿ ಕೊಡುತ್ತಾರೆ.

ಮಾತ್ರೆ, ಸಿರಪ್

ಸ್ಟ್ರಿಪ್ಪಿನ ಮೇಲೆ ತಿಂಗಳು, ವರ್ಷ ಮಾತ್ರ ಇದ್ದರೆ ಆ ತಿಂಗಳ ಕೊನೆಯ ದಿನದವರೆಗೆ ಅವಧಿ ಇದೆ ಎಂದು ಲೆಕ್ಕ. ಕಣ್ಣಿನ ಡ್ರಾಪ್ಸ್‌ಗೆ ಈ ದಿನಾಂಕ ನಂಬಬಾರದು, ಸಾಮಾನ್ಯವಾಗಿ ತೆರೆದ ನಾಲ್ಕು ವಾರಕ್ಕೆ ಅದು ಮುಗಿಯಿತು; ತೆರೆದ ದಿನ ಬಾಟಲಿಯ ಮೇಲೆ ಬರೆದಿಡಿ. ಕತ್ತರಿಸಿ ಹೆಸರು, ದಿನಾಂಕ ಎರಡೂ ಹೋದ ಸ್ಟ್ರಿಪ್ ತುಂಡನ್ನು ಇಟ್ಟುಕೊಳ್ಳಲೇಬಾರದು.

ಔಷಧವನ್ನು ಟಾಯ್ಲೆಟ್ಟಿಗೆ ಸುರಿಯುವುದು ತಪ್ಪು, ಅದು ಕೆರೆ ಸೇರುತ್ತದೆ. ಇದಕ್ಕೆ ಅಪವಾದ ಇದೆ: ಕೇಂದ್ರದ ಔಷಧ ನಿಯಂತ್ರಣ ಸಂಸ್ಥೆ 2025ರಲ್ಲಿ 17 ಔಷಧಗಳ ಪಟ್ಟಿ ಕೊಟ್ಟು, ಬೇಡವಾದ ಕೂಡಲೇ ಅವನ್ನು ಫ್ಲಶ್ ಮಾಡಿ ಎಂದಿದೆ. ಫೆಂಟನಿಲ್, ಟ್ರಮಡಾಲ್, ಡಯಾಜೆಪಾಮ್ ಅದರಲ್ಲಿವೆ. ಮನೆಯಲ್ಲಿ ಬೇರೆಯವರು ಒಂದು ಡೋಸ್ ತಪ್ಪಿ ನುಂಗಿದರೂ ಜೀವಕ್ಕೆ ಅಪಾಯ ಎಂಬುದು ಕಾರಣ. ಉಳಿದೆಲ್ಲವೂ ಸ್ಟ್ರಿಪ್ಪಿನಲ್ಲಿ ಇದ್ದ ಹಾಗೇ ಕವರಿಗೆ ಹಾಕಿ, ವಿಶೇಷ ಕಾಳಜಿಯ ತ್ಯಾಜ್ಯವಾಗಿ. ಇನ್ಸುಲಿನ್ ಸೂಜಿಗಳನ್ನು ಚುಚ್ಚಿ ಹೊರಬರದಂಥ ಗಟ್ಟಿ ಪ್ಲಾಸ್ಟಿಕ್ ಬಾಟಲಿಯಲ್ಲಿ ಹಾಕಿ, ಮುಚ್ಚಳಕ್ಕೆ ಟೇಪ್ ಸುತ್ತಿ, ಮೇಲೆ ‘ಸೂಜಿ’ ಎಂದು ಬರೆಯಿರಿ.

ಕಬ್ಬಿಣ, ಹಿತ್ತಾಳೆ, ಸ್ಕ್ರೂ

ಇಲ್ಲಿ ಮ್ಯಾಗ್ನೆಟ್ ಒಂದು ಸಾಕು. ಅಂಟಿದ್ದು ಕಬ್ಬಿಣ, ಅಂಟದ ಹಳದಿ ಹಿತ್ತಾಳೆ, ಅಂಟದ ಹಗುರ ಬಿಳಿಯದು ಅಲ್ಯೂಮಿನಿಯಂ. ಹಳದಿ ಬಣ್ಣದ ಕೀಲಿಕೈ ಅಂಟಿಕೊಂಡರೆ ಅದು ಹಿತ್ತಾಳೆ ಲೇಪದ ಕಬ್ಬಿಣ. ಹಳೇ ನಲ್ಲಿಯ ತಲೆ, ಪಿನ್ನುಗಳಲ್ಲಿ ಹಿತ್ತಾಳೆ ಸಾಕಷ್ಟಿರುತ್ತದೆ. ಬೇರೆ ಬೇರೆ ಮಾಡಿ ಗುಜರಿಗೆ ಕೊಟ್ಟರೆ ಹಿತ್ತಾಳೆಗೆ ಹಿತ್ತಾಳೆಯ ಬೆಲೆ ಸಿಗುತ್ತದೆ, ಒಟ್ಟಿಗೆ ಕೊಟ್ಟರೆ ಕಬ್ಬಿಣದ ಬೆಲೆಗೇ ಹೋಗುತ್ತದೆ.

ಒಂದೊಂದೇ ಸ್ಕ್ರೂ, ಪಿನ್ನು ಒಣ ಕಸದಲ್ಲಿ ಸಡಿಲವಾಗಿ ಹೋದರೆ ವಿಂಗಡಿಸುವವರ ಕೈಗೆ ಚುಚ್ಚುತ್ತದೆ, ಮರುಬಳಕೆಯನ್ನೂ ಸೇರುವುದಿಲ್ಲ. ತಗಡಿನ ಡಬ್ಬಿಯಲ್ಲಿ ಕೂಡಿಹಾಕಿ, ತುಂಬಿದ ಮೇಲೆ ಬಾಯಿ ಮಡಚಿ ಕೊಡಿ.

ಇಟ್ಟುಕೊಳ್ಳಲು ಯೋಗ್ಯವಾದವು ಕೆಲವೇ: ಅರ್ಧ ಇಂಚಿನ ನಲ್ಲಿ ವಾಷರ್, ಟೆಫ್ಲಾನ್ ಟೇಪ್ ಒಂದು ಸುರುಳಿ, 6 ಮಿಲಿಮೀಟರಿನ ರಾಲ್ ಪ್ಲಗ್ ಮತ್ತು ಅದಕ್ಕೆ ಹೊಂದುವ ಸ್ಕ್ರೂ, ಕಪಾಟಿನ ಜೊತೆ ಬಂದ 4 ಮತ್ತು 5 ಮಿಲಿಮೀಟರಿನ ಅಲೆನ್ ಕೀ, 6 ಆಂಪಿಯರಿನ ಪ್ಲಗ್ ಟಾಪ್. ಟೆಫ್ಲಾನ್ ಟೇಪನ್ನು ನಲ್ಲಿಯ ತಿರುಪಿನ (ಥ್ರೆಡ್) ತುದಿ ನಿಮ್ಮ ಕಡೆಗೆ ಇದ್ದಾಗ ಗಡಿಯಾರದ ಮುಳ್ಳಿನ ದಿಕ್ಕಿಗೆ ಸುತ್ತಬೇಕು, ಉಲ್ಟಾ ಸುತ್ತಿದರೆ ನಲ್ಲಿ ಬಿಗಿ ಮಾಡುವಾಗ ಬಿಚ್ಚಿಕೊಂಡು ಸೋರುತ್ತದೆ. ರಬ್ಬರ್ ಬ್ಯಾಂಡ್ ಎಷ್ಟು ಕೂಡಿಟ್ಟರೂ ಬೇಸಿಗೆಗೆ ಕರಗಿ ಅಂಟಾಗುತ್ತದೆ, ಹತ್ತಿಪ್ಪತ್ತು ಸಾಕು.

ಬೆಂಗಳೂರಿನಲ್ಲಿ ಕೊಡುವುದೆಲ್ಲಿ

ಲೋಹ, ಕಾಗದ, ಪ್ಲಾಸ್ಟಿಕ್ಕಿಗೆ ಬೀದಿಯ ಗುಜರಿ ಅಂಗಡಿ ಅಥವಾ ವಾರ್ಡಿನ ಒಣ ಕಸ ಸಂಗ್ರಹ ಕೇಂದ್ರ. ಇಲ್ಲಿಂದ ಹೊರಟ ಕಾಗದದ ಬಹುಪಾಲು ಜಾಲಿ ಮೊಹಲ್ಲಾ ಕಡೆಗೂ ಪ್ಲಾಸ್ಟಿಕ್ ನಾಯಂಡಹಳ್ಳಿ ಕಡೆಗೂ ಹೋಗುತ್ತದೆ, ಈ ಸರಪಳಿ ನಗರದಲ್ಲಿ ಹಳೆಯದು, ಗಟ್ಟಿಯಾದದ್ದು. ಇನ್ನೂ ಓಡುವ ಹಳೇ ಎಲೆಕ್ಟ್ರಾನಿಕ್ಸ್‌ಗೆ, ಬಿಡಿಭಾಗಕ್ಕೆ ಎಸ್.ಪಿ. ರಸ್ತೆ ಇದೆ.

ಇ-ತ್ಯಾಜ್ಯವನ್ನು ಗುಜರಿಗೆ ಕೊಡಬೇಡಿ. ಅಲ್ಲಿ ತಾಮ್ರಕ್ಕಾಗಿ ವೈರ್ ಸುಡುವುದೂ ಚಿನ್ನಕ್ಕಾಗಿ ಬೋರ್ಡನ್ನು ಆಸಿಡ್‌ನಲ್ಲಿ ನೆನೆಸುವುದೂ ಉಂಟು. ವೈರಿನ ಪಿವಿಸಿ ಪ್ಲಾಸ್ಟಿಕ್ ಹೊದಿಕೆ ಸುಟ್ಟಾಗ ಬರುವ ಡಯಾಕ್ಸಿನ್ ಎಂಬ ವಿಷ ಆ ಬೀದಿಯ ಮಕ್ಕಳ ಉಸಿರಿಗೆ ಹೋಗುತ್ತದೆ. ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಪಡೆದ ಮರುಬಳಕೆ ಘಟಕಗಳಿವೆ, ದೇಶದ ಮೊದಲ ಕೆಲವು ಇ-ತ್ಯಾಜ್ಯ ಘಟಕಗಳಲ್ಲಿ ಒಂದಾದ ಇ-ಪರಿಸರ ದಾಬಸ್‌ಪೇಟೆಯಲ್ಲಿದೆ. ಒಂದು ಮನೆಯ ಅರ್ಧ ಕಿಲೋಗೆ ಅವರ ಗಾಡಿ ಬರುವುದು ಕಷ್ಟ. ಅಪಾರ್ಟ್‌ಮೆಂಟ್ ಅಥವಾ ಬಡಾವಣೆಯ ಸಂಘ ಒಂದು ಡ್ರಮ್ ಇಟ್ಟು, ತುಂಬಿದಾಗ ಕರೆಸಿದರೆ ಬರುತ್ತಾರೆ. ಹೊಸ ಉಪಕರಣ ಕೊಳ್ಳುವಾಗ ಹಳೆಯದನ್ನು ತೆಗೆದುಕೊಳ್ಳಿ ಎಂದು ಅಂಗಡಿಯಲ್ಲಿ ಕೇಳಿ. ವಾಪಸ್ ಪಡೆದು ಮರುಬಳಕೆಗೆ ಕಳಿಸುವ ಹೊಣೆ ನಿಯಮದ ಪ್ರಕಾರ ತಯಾರಕರದು.

ಬಲ್ಬು, ಥರ್ಮಾಮೀಟರ್, ಔಷಧಗಳನ್ನು ಪ್ರತ್ಯೇಕ ಕವರಿನಲ್ಲಿ ಕಟ್ಟಿ, ಮೇಲೆ ಏನೆಂದು ಕನ್ನಡದಲ್ಲಿ ದೊಡ್ಡದಾಗಿ ಬರೆದು, ಆಟೋದವರ ಕೈಗೇ ಕೊಟ್ಟು ಹೇಳಿ. ನಿಮ್ಮ ಬೀದಿಯಲ್ಲಿ ಅದಕ್ಕೆ ಬೇರೆ ಡಬ್ಬಿ ಇಲ್ಲದ ಆಟೋ ಬರುತ್ತಿದ್ದರೆ ಕೊಡುವ ಬದಲು ಬೆಂಗಳೂರು ಘನತ್ಯಾಜ್ಯ ನಿರ್ವಹಣಾ ನಿಯಮಿತದ ವಾರ್ಡ್ ಸಿಬ್ಬಂದಿಯನ್ನು ಕೇಳಿ. 2025ರ ಏಪ್ರಿಲ್‌ನಿಂದ ಆಸ್ತಿ ತೆರಿಗೆಯ ಜೊತೆ ಕಸದ ಶುಲ್ಕವನ್ನೂ ಕಟ್ಟುತ್ತಿದ್ದೇವೆ, ಕೇಳುವುದು ನಮ್ಮ ಹಕ್ಕು.

ಒಂದೇ ಸಲ ಕೂತು ಮುಗಿಸುವ ಕ್ರಮ

ನೆಲಕ್ಕೆ ದಿನಪತ್ರಿಕೆ ಹಾಸಿಕೊಳ್ಳಿ. ಆದರೆ ಡ್ರಾಯರನ್ನು ಅದರ ಮೇಲೆ ಬೋರಲು ಹಾಕಬೇಡಿ; ಒಳಗೆ ಗಾಜು ಇರಬಹುದು. ಕೈಯಿಂದ ಮೊದಲು ಸೆಲ್ಲು, ಬ್ಯಾಟರಿ ಎಲ್ಲ ಹೆಕ್ಕಿ, ಟೇಪ್ ಹಚ್ಚಿ ಬಾಟಲಿಗೆ, ಊದಿದ್ದು ಮರಳಿನ ಡಬ್ಬಿಗೆ. ಆಮೇಲೆ ಗಾಜಿನವು, ಅನಂತರ ಔಷಧ. ಈ ಮೂರು ಹೋದ ಮೇಲೆ ಉಳಿದದ್ದರಿಂದ ಅಪಾಯ ಕಡಿಮೆ, ಬೇಕಾದರೆ ಮಕ್ಕಳನ್ನೂ ಕೂರಿಸಿಕೊಂಡು ಮ್ಯಾಗ್ನೆಟ್ ಕೊಡಿ. ಅಡಾಪ್ಟರ್‌ಗಳನ್ನು ಕೊನೆಗೆ ನೋಡಿ, ಓದಿ ಹೊಂದಿಸಲು ಹೊತ್ತು ಹಿಡಿಯುವುದು ಅವೇ. ಹಳೇ ಫೋನ್ ಸಿಕ್ಕಿದರೆ ಸಿಮ್, ಮೆಮೊರಿ ಕಾರ್ಡ್ ತೆಗೆದು, ಓಡುತ್ತಿದ್ದರೆ ಫ್ಯಾಕ್ಟರಿ ರೀಸೆಟ್ ಮಾಡಿ ಕೊಡಿ. ಮುಗಿದ ಬ್ಯಾಂಕ್ ಕಾರ್ಡ್, ಹಳೇ ಸಿಮ್‌ಗಳನ್ನು ಚಿಪ್ಪಿನ ಮಧ್ಯದಲ್ಲೇ ಕತ್ತರಿಸಿ, ಆಧಾರ್ ಜೆರಾಕ್ಸನ್ನು ಸಂಖ್ಯೆ ಓದಲಾಗದಂತೆ ಹರಿದುಹಾಕಿ.

ಮತ್ತೆ ಡ್ರಾಯರ್ ತುಂಬುವಾಗ ಒಳಗೆ ನಾಲ್ಕೈದು ಸಣ್ಣ ಡಬ್ಬಿ ಇಟ್ಟು ಬಿಡಿಬಿಡಿಯಾಗಿ ಹಾಕಿ. ಹೊಸ ಸೆಲ್ಲು ಮತ್ತು ಕೀಲಿಕೈ ಮಾತ್ರ ಒಂದೇ ಡಬ್ಬಿಗೆ ಹೋಗದಿರಲಿ.